ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ಬಾಯಿ ಕಟ್ಟುತ್ತದೆ: ಇಂಗ್ಲಿಷ್ ಕಲಿಯುವವರ ಪ್ರಶ್ನೆಗಳು

ಮಾತು ಕಲಿಯುತ್ತಿರುವವಳು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಓದಿದರೆ ನನಗೆ ಬಹುಪಾಲು ಅರ್ಥವಾಗುತ್ತದೆ. ನಿಧಾನಕ್ಕೆ ಕೂತರೆ ಇಮೇಲ್ ಕೂಡ ಬರೆಯುತ್ತೇನೆ. ಆದರೆ ಯಾರಾದರೂ ಎದುರು ನಿಂತು ಇಂಗ್ಲಿಷ್‌ನಲ್ಲಿ ಏನಾದರೂ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ಹೇಳಬೇಕಾದ್ದು ಕನ್ನಡದಲ್ಲಿ ಪೂರ್ತಿ ರೆಡಿ ಇರುತ್ತದೆ. ಅದನ್ನು ಒಂದೊಂದೇ ಪದವಾಗಿ ತಿರುಗಿಸುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತದೆ. ವ್ಯಾಕರಣ ಮತ್ತೆ ಮೊದಲಿಂದ ಓದಬೇಕಾ? ಪದಗಳನ್ನು ಜಾಸ್ತಿ ಬಾಯಿಪಾಠ ಮಾಡಬೇಕಾ? ಈ ಕಷ್ಟ ದಾಟಿ ಬಂದವರು ದಯವಿಟ್ಟು ಹೇಳಿ.

ಪಾಠ ಹೇಳುವವರು

ಪುಸ್ತಕ ಸದ್ಯಕ್ಕೆ ಬದಿಗಿಡಿ. ಇಮೇಲ್ ಬರೆಯುತ್ತೀರಿ ಅಂದರೆ ಪದಗಳೂ ಇವೆ, ನಿಯಮಗಳೂ ಗೊತ್ತಿವೆ. ತೊಡಕಿರುವುದು ಕ್ರಿಯಾಪದ ಬರುವ ಜಾಗದಲ್ಲಿ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ನಾನು ನಿನ್ನೆ ಸಂಜೆ ಅವರ ಮಗಳಿಗೆ ಆ ಪುಸ್ತಕ..." ಅಂತ ಶುರು ಮಾಡಬಹುದು. ಕೊಟ್ಟೆನೋ, ಕೊಡಲಿಲ್ಲವೋ, ಕೊಡಬೇಕಿತ್ತೋ ಅನ್ನುವುದನ್ನು ಕೊನೆಯ ಗಳಿಗೆಯಲ್ಲಿ ತೀರ್ಮಾನಿಸಬಹುದು. ಅಂದರೆ ಮಾತಾಡುತ್ತಲೇ ಯೋಚಿಸಲು ಸಮಯ ಸಿಗುತ್ತದೆ. ಇಂಗ್ಲಿಷ್ ಆ ಸಮಯ ಕೊಡುವುದಿಲ್ಲ. "ಐ" ಅಂದ ತಕ್ಷಣ "ಗೇವ್" ಬೇಕು. ಇಲ್ಲವೇ "ಡಿಡಂಟ್ ಗಿವ್" ಬೇಕು. ಇಲ್ಲವೇ "ಶುಡ್ ಹ್ಯಾವ್ ಗಿವನ್" ಬೇಕು. ಯಾರಿಗೆ, ಏನು, ಯಾವಾಗ ಎಲ್ಲ ಆಮೇಲೆ. ಕನ್ನಡದಲ್ಲಿ ಕೊನೆಗೆ ಮಾಡುವ ತೀರ್ಮಾನವನ್ನು ಇಲ್ಲಿ ಎರಡನೇ ಪದಕ್ಕೇ ಮಾಡಬೇಕು. ನೀವು "ಐ..." ಅಂದು ನಿಂತುಬಿಡುವುದು ಅದಕ್ಕೇ.

ಹಾಗಾಗಿ ವಾಕ್ಯದ ಶುರುವನ್ನು ಇಡಿಯಾಗಿ ಬಾಯಿಗೆ ತಂದುಕೊಳ್ಳಿ. ಒಂದೊಂದೇ ಪದ ಬೇಡ. "ಐ ವಾಸ್ ಗೋಯಿಂಗ್ ಟು..." ಅಂದರೆ ಮಾಡಬೇಕು ಅಂತಿದ್ದೆ. "ಐ ಶುಡ್ ಹ್ಯಾವ್..." ಅಂದರೆ ಮಾಡಬೇಕಿತ್ತು. "ಐಮ್ ನಾಟ್ ಶೂರ್ ಇಫ್..." ಅಂದರೆ ಹೌದೋ ಅಲ್ಲವೋ ಗೊತ್ತಿಲ್ಲ. "ಡು ಯು ಮೈಂಡ್ ಇಫ್ ಐ..." ಅಂದರೆ ನಾನು ಹೀಗೆ ಮಾಡಿದರೆ ಪರವಾಗಿಲ್ಲವಾ. ಇಂಥ ಒಂದು ಶುರು ಹಿಡಿದು, ಅದರ ಮುಂದೆ ಬೇರೆ ಬೇರೆ ಮುಕ್ತಾಯ ಹಾಕಿ ಜೋರಾಗಿ ಹೇಳಿ. "ಐ ವಾಸ್ ಗೋಯಿಂಗ್ ಟು ಕಾಲ್ ಯು." "ಐ ವಾಸ್ ಗೋಯಿಂಗ್ ಟು ಆಸ್ಕ್ ಹರ್." "ಐ ವಾಸ್ ಗೋಯಿಂಗ್ ಟು ಫಿನಿಶ್ ಇಟ್ ಟುಡೇ." ಶುರು ತಾನಾಗಿ ಬರುವ ತನಕ ಮಾಡಿ. ಆಮೇಲೆ ಮಾತಿನ ನಡುವೆ ನಿಮ್ಮ ಯೋಚನೆಯೆಲ್ಲ ಉಳಿದ ಅರ್ಧಕ್ಕೆ ಮಾತ್ರ ಸಾಕು.

ಓದುವಾಗ ಈ ತೊಂದರೆ ಬರುವುದಿಲ್ಲ. ಅಲ್ಲಿ ಆ ತೀರ್ಮಾನವನ್ನು ಬರೆದವರೇ ಮಾಡಿರುತ್ತಾರೆ.

ವ್ಯಾಕರಣಪ್ರಿಯ

ಶುರುವನ್ನು ಇಡಿಯಾಗಿ ಕಲಿಯುವುದು ಒಳ್ಳೆಯದೇ. ಆದರೆ ವ್ಯಾಕರಣ ಪೂರ್ತಿ ಬದಿಗಿಡಿ ಅಂದರೆ ನಾನು ಒಪ್ಪುವುದಿಲ್ಲ. ಬರೀ ತುಣುಕು ಕಲಿತವರು ಪ್ರಶ್ನೆ ಕೇಳುವಾಗ ಹೇಗೆ ಎಡವುತ್ತಾರೆ ನೋಡಿ. "ಡಿಡ್ ಯು ಕೇಮ್?" "ಡಸ್ ಹಿ ಗೋಸ್?" ಇವು ತುಂಬಾ ಕೇಳಿಬರುತ್ತವೆ.

ಕಾರಣ ಸರಳ. ಕನ್ನಡದಲ್ಲಿ ಪ್ರಶ್ನೆಗೆ ಕೊನೆಯಲ್ಲಿ ಒಂದು "ಆ" ಸೇರಿಸಿದರೆ ಮುಗಿಯಿತು. ಬಂದಿರಿ, ಬಂದಿರಾ. ಕ್ರಿಯಾಪದ ಹಾಗೇ ಇರುತ್ತದೆ. ಇಂಗ್ಲಿಷ್‌ನಲ್ಲಿ ಪ್ರಶ್ನೆಗೆ ಮುಂದೆ ಒಂದು "ಡು" ಬರುತ್ತದೆ, ಕಾಲವನ್ನು ಅದೇ ಹೊತ್ತುಕೊಳ್ಳುತ್ತದೆ. ಭೂತಕಾಲ ಒಮ್ಮೆ "ಡಿಡ್" ಒಳಗೆ ಹೋಯಿತು ಅಂದರೆ ಮುಖ್ಯ ಕ್ರಿಯಾಪದದಲ್ಲಿ ಅದು ಉಳಿಯುವುದಿಲ್ಲ. ಅದಕ್ಕೇ "ಡಿಡ್ ಯು ಕಮ್?" "ಹಿ ಗೋಸ್" ಅನ್ನುವುದರ "ಸ್" ಕೂಡ "ಡಸ್" ಒಳಗೆ ಹೋಗುತ್ತದೆ, "ಗೋ" ಖಾಲಿಯಾಗುತ್ತದೆ. "ಡಿಡಂಟ್ ಕಮ್" ಕೂಡ ಇದೇ ಲೆಕ್ಕ. ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ನೂರು ವಾಕ್ಯ ಸರಿಯಾಗುತ್ತದೆ.

ಇನ್ನೊಂದು: "ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ." ಇದಕ್ಕೆ "ಐ ಡೋಂಟ್ ನೋ ವೇರ್ ಈಸ್ ಹಿ" ಅನ್ನುವವರು ಬಹಳ. ಪ್ರಶ್ನೆ ಬೇರೆ ವಾಕ್ಯದ ಒಳಗೆ ಸೇರಿಕೊಂಡರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಸಾಮಾನ್ಯ ವಾಕ್ಯದ ಕ್ರಮಕ್ಕೆ ಬರುತ್ತದೆ. "ಐ ಡೋಂಟ್ ನೋ ವೇರ್ ಹಿ ಈಸ್." ಇಂಥದ್ದನ್ನೆಲ್ಲ ಯಾರಾದರೂ ಹೇಳಿಕೊಡದೆ ಕಿವಿಯಿಂದಲೇ ಹಿಡಿಯಲು ವರ್ಷಗಟ್ಟಲೆ ಬೇಕು.

ಪಾಠ ಹೇಳುವವರು

ಒಪ್ಪುತ್ತೇನೆ. "ಡಿಡ್" ಕಾಲವನ್ನು ಹೊತ್ತುಕೊಳ್ಳುತ್ತದೆ ಅನ್ನುವುದು ನಿಜಕ್ಕೂ ಕಲಿಯಬೇಕಾದ ನಿಯಮ. ನಾನು ಬೇಡ ಅಂದದ್ದು ಮಾತಾಡುವ ಗಳಿಗೆಯಲ್ಲಿ ನಿಯಮ ಹುಡುಕುವುದನ್ನು. ನಿಯಮ ಮನೆಯಲ್ಲಿ ಓದಿ, ಅದನ್ನು ಹತ್ತಾರು ವಾಕ್ಯವಾಗಿ ಬಾಯಲ್ಲಿ ಆಡಿಸಿ. ಎದುರಿಗೆ ಜನ ಇದ್ದಾಗ ಬರೀ ವಿಷಯದ ಕಡೆ ಗಮನ ಕೊಡಿ.

ಪರೀಕ್ಷೆಗೆ ಓದುತ್ತಿರುವವ

ನನ್ನ ಪ್ರಶ್ನೆ "ಎ" ಮತ್ತು "ದಿ" ಬಗ್ಗೆ. ನಿಯಮಗಳ ಪಟ್ಟಿ ಓದಿದ್ದೇನೆ, ವಿನಾಯಿತಿಗಳ ಪಟ್ಟಿ ಅದಕ್ಕಿಂತ ಉದ್ದ ಇದೆ. ಕನ್ನಡದಲ್ಲಿ ಇಂಥದ್ದೇ ಇಲ್ಲವಲ್ಲ, ಎಲ್ಲಿಂದ ಹಿಡಿಯುವುದು?

ವ್ಯಾಕರಣಪ್ರಿಯ

ಪೂರ್ತಿ ಇಲ್ಲ ಅನ್ನಬೇಡಿ. ಈ ಎರಡು ವಾಕ್ಯ ನೋಡಿ: "ರಾತ್ರಿ ಪುಸ್ತಕ ಓದಿದೆ." "ರಾತ್ರಿ ಪುಸ್ತಕವನ್ನು ಓದಿದೆ." ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ, ಅಥವಾ ಸುಮ್ನೆ ಓದುವ ಕೆಲಸ. ಎರಡನೆಯದನ್ನು ಕೇಳಿದಾಗ ನಮ್ಮಿಬ್ಬರಿಗೂ ಗೊತ್ತಿರುವ ಒಂದು ಪುಸ್ತಕ ಅನ್ನಿಸುತ್ತದೆ. ಆ "ಅನ್ನು" ಮಾಡುವ ಕೆಲಸಕ್ಕೂ "ದಿ" ಮಾಡುವ ಕೆಲಸಕ್ಕೂ ನಂಟಿದೆ. ಎಲ್ಲ ಕಡೆ ತಾಳೆಯಾಗುವುದಿಲ್ಲ, ಆದರೆ ಈ ವ್ಯತ್ಯಾಸದ ಅರಿವು ನಿಮ್ಮಲ್ಲಿ ಆಗಲೇ ಇದೆ.

ಹಾಗಾಗಿ ಪಟ್ಟಿ ಬಿಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಾವುದು ಅಂತ ಕೇಳುವವರಿಗೆ ಗೊತ್ತಾ? ಗೊತ್ತಿದ್ದರೆ "ದಿ". ಗೊತ್ತಿಲ್ಲ, ಮತ್ತು ಅದು ಎಣಿಸಬಹುದಾದ ಒಂದೇ ವಸ್ತು ಆದರೆ "ಎ". "ಐ ಬಾಟ್ ಎ ಫೋನ್" ಅಂದಾಗ ಯಾವ ಫೋನ್ ಅಂತ ಕೇಳುವವರಿಗೆ ಗೊತ್ತಿಲ್ಲ. ಮುಂದಿನ ವಾಕ್ಯಕ್ಕೆ ಗೊತ್ತಾಗಿದೆ, "ದಿ ಫೋನ್ ಈಸ್ ಸ್ಲೋ." "ದಿ ಸನ್" ಅನ್ನುವುದೂ ಅದಕ್ಕೇ, ಇರುವುದೇ ಒಂದು ಸೂರ್ಯ, ಯಾವುದು ಅಂತ ಯಾರೂ ಕೇಳುವುದಿಲ್ಲ. ಬಹುವಚನ ಅಥವಾ ಎಣಿಸಲು ಬಾರದ್ದನ್ನು ಸಾಮಾನ್ಯವಾಗಿ ಹೇಳುವಾಗ ಏನೂ ಬೇಡ. "ಐ ಲೈಕ್ ಮ್ಯೂಸಿಕ್." ಮುಕ್ಕಾಲು ಪಾಲು ಸಂದರ್ಭ ಇದರಲ್ಲೇ ಮುಗಿಯುತ್ತದೆ. ನದಿಯ ಹೆಸರಿಗೆ "ದಿ" ಬರುತ್ತದೆ, ಕೆರೆಯ ಹೆಸರಿಗೆ ಬರುವುದಿಲ್ಲ ಅನ್ನುವಂಥದ್ದನ್ನು ಓದುತ್ತಾ ಹಿಡಿಯಿರಿ.

"ಎ" ಮತ್ತು "ಆ್ಯನ್" ಅಕ್ಷರ ನೋಡಿ ಹಾಕುವುದಲ್ಲ, ಧ್ವನಿ ನೋಡಿ. "ಅವರ್" ಅನ್ನುವ ಗಂಟೆಯ ಪದ "ಎಚ್" ಅಕ್ಷರದಿಂದ ಶುರುವಾದರೂ ಬಾಯಲ್ಲಿ ಬರುವುದು ಸ್ವರ, ಹಾಗಾಗಿ "ಆ್ಯನ್ ಅವರ್". "ಯೂನಿವರ್ಸಿಟಿ" "ಯು" ಅಕ್ಷರದಿಂದ ಶುರುವಾದರೂ ಬಾಯಲ್ಲಿ ಬರುವುದು "ಯ್", ಹಾಗಾಗಿ "ಎ ಯೂನಿವರ್ಸಿಟಿ".

ಪರೀಕ್ಷೆಗೆ ಓದುತ್ತಿರುವವ

"ಅನ್ನು" ಉದಾಹರಣೆ ತುಂಬಾ ಉಪಯೋಗ ಆಯಿತು, ಥ್ಯಾಂಕ್ಸ್. ಹಾಗಾದರೆ "ಹ್ಯಾವ್ ಡನ್" ಮತ್ತು "ಡಿಡ್" ನಡುವಿನ ವ್ಯತ್ಯಾಸವೂ ಕನ್ನಡದಲ್ಲಿ ಇದೆಯಾ?

ವ್ಯಾಕರಣಪ್ರಿಯ

ಇದೆ, ಆದರೆ ಅಲ್ಲೇ ಒಂದು ಗುಂಡಿಯೂ ಇದೆ. "ಮಾಡಿದೆ" ಮತ್ತು "ಮಾಡಿದ್ದೇನೆ" ಬೇರೆ ಬೇರೆ ಅಲ್ವಾ? ಎರಡನೆಯದು ಈಗಿನ ಸ್ಥಿತಿಗೆ ಅಂಟಿಕೊಂಡಿದೆ, ಕೆಲಸ ಆಗಿದೆ, ಫಲ ಈಗ ಕೈಯಲ್ಲಿದೆ. "ಐ ಹ್ಯಾವ್ ಡನ್ ಇಟ್" ಕೂಡ ಹಾಗೇ. ಗುಂಡಿ ಎಲ್ಲಿ ಅಂದರೆ, ಕನ್ನಡದಲ್ಲಿ "ನಿನ್ನೆಯೇ ಮಾಡಿದ್ದೇನೆ" ಅನ್ನಬಹುದು. ಇಂಗ್ಲಿಷ್‌ನಲ್ಲಿ "ಐ ಹ್ಯಾವ್ ಡನ್ ಇಟ್ ಯೆಸ್ಟರ್‌ಡೇ" ಆಗುವುದಿಲ್ಲ. ನಿನ್ನೆ, ಕಳೆದ ವಾರ, 2019ರಲ್ಲಿ ಅಂತ ಮುಗಿದುಹೋದ ಸಮಯ ಹೇಳಿದ ಮೇಲೆ "ಐ ಡಿಡ್ ಇಟ್" ಮಾತ್ರ.

ಇದಕ್ಕೆ ತಿರುಗುಮುರುಗಾದ ತೊಡಕೂ ಒಂದಿದೆ. "ಐದು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ." ಕನ್ನಡದಲ್ಲಿ ವರ್ತಮಾನ. ಹಾಗಾಗಿ "ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಬಾಯಿಗೆ ಬರುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷ್‌ನಲ್ಲಿ "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್." ಅವಧಿಗೆ "ಫಾರ್", ಶುರುವಾದ ಗಳಿಗೆಗೆ "ಸಿನ್ಸ್". ಕನ್ನಡದ "ಇಂದ" ಎರಡೂ ಕೆಲಸ ಮಾಡುತ್ತದೆ. ಗೊಂದಲ ಅಲ್ಲಿಂದ ಬರುತ್ತದೆ.

ಕಿವಿಗೊಡುವವ

ಮಾತಿನ ಬಗ್ಗೆಯೇ ಎಲ್ಲರೂ ಕೇಳುತ್ತಿದ್ದೀರಿ. ನನ್ನ ಪ್ರಕಾರ ಅದಕ್ಕಿಂತ ಮೊದಲಿನ ಕಷ್ಟ ಕಿವಿಯದು. ಎದುರಿನವರು ಹೇಳಿದ್ದು ಅರ್ಧ ತಪ್ಪಿಹೋದರೆ ಉತ್ತರ ಹೇಗೆ ಬಂದೀತು?

ಕನ್ನಡದಲ್ಲಿ ಹೆಚ್ಚುಕಮ್ಮಿ ಪ್ರತಿ ಅಕ್ಷರಕ್ಕೂ ಸಮಾನ ಗೌರವ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ಮುಖ್ಯ ಪದದ ಒಂದು ಭಾಗ ಗಟ್ಟಿಯಾಗಿ, ಉದ್ದವಾಗಿ ಬರುತ್ತದೆ. ಉಳಿದದ್ದು ಕುಗ್ಗಿ ಓಡಿಹೋಗುತ್ತದೆ. "ಟು", "ಆಫ್", "ಕ್ಯಾನ್", "ಹ್ಯಾವ್" ಇವೆಲ್ಲ ಮಾತಿನ ಮಧ್ಯೆ ಒಂದು ಮಂಕಾದ ಸ್ವರವಾಗಿ ಕರಗುತ್ತವೆ. ಆ ಮಂಕು ಸ್ವರದ ಹೆಸರು ಶ್ವಾ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರ ಅದೇ. ಆದರೆ ಅದಕ್ಕೆ ಒಂದು ಸ್ವಂತ ಅಕ್ಷರ ಇಲ್ಲ. "ವಾಟ್ ಡು ಯು ವಾಂಟ್ ಟು ಡು" ಅಂತ ಪುಸ್ತಕದಲ್ಲಿ ಓದಿದ್ದನ್ನು ಜನ "ವಾಡ್ಯ ವಾನಡೂ" ಅನ್ನುವ ಹಾಗೆ ಹೇಳಿದಾಗ ಗುರುತು ಸಿಗುವುದಿಲ್ಲ. ಆ ಐದಾರು ಪದ ನಿಮಗೆ ಗೊತ್ತಿದ್ದರೂ ಅವು ಓಡುವಾಗ ಹೇಗಿರುತ್ತವೆ ಅನ್ನುವುದನ್ನು ನೀವು ಕೇಳಿಲ್ಲ.

"ಕ್ಯಾನ್" ಮತ್ತು "ಕಾಂಟ್" ಇದರ ಅತಿ ಕಷ್ಟದ ಜೋಡಿ. ಅಮೆರಿಕದವರ ಮಾತಿನಲ್ಲಿ ಕೊನೆಯ "ಟ್" ಸರಿಯಾಗಿ ಕೇಳಿಸುವುದೇ ಇಲ್ಲ. ಸ್ವರ ನೋಡಬೇಕು. "ಆಗುತ್ತದೆ" ಅನ್ನುವಾಗ "ಐ ಕನ್ ಗೋ" ಅನ್ನುವ ಹಾಗೆ ಕುಗ್ಗುತ್ತದೆ. "ಆಗುವುದಿಲ್ಲ" ಅನ್ನುವಾಗ ಅದೇ ಪದ ತುಂಬಿ, ಒತ್ತಿ ಬರುತ್ತದೆ.

ನಾನು ಮಾಡುವುದು ಇಷ್ಟೇ. ಬರಹ ಜೊತೆಗಿರುವ ಒಂದು ನಿಮಿಷದ ಆಡಿಯೋ ತೆಗೆದುಕೊಳ್ಳುತ್ತೇನೆ. ಬರಹ ನೋಡದೆ ಕೇಳಿ, ನಿಲ್ಲಿಸಿ ನಿಲ್ಲಿಸಿ ಬರೆಯುತ್ತೇನೆ. ಆಮೇಲೆ ಬರಹದ ಜೊತೆ ಹೋಲಿಸುತ್ತೇನೆ. ತಪ್ಪಿಹೋದ ಜಾಗ ಹೆಚ್ಚಾಗಿ ಕಷ್ಟದ ಪದ ಆಗಿರುವುದಿಲ್ಲ, "ವುಡ್ ಹ್ಯಾವ್" ತರದ ಸಣ್ಣ ಪದ ಆಗಿರುತ್ತದೆ. ಆ ತುಂಡನ್ನು ಮಾತ್ರ ಮತ್ತೆ ಮತ್ತೆ ಕೇಳಿ, ಅವರ ಜೊತೆಯಲ್ಲೇ ಹೇಳುತ್ತೇನೆ. ಗಂಟೆಗಟ್ಟಲೆ ಹಿನ್ನೆಲೆಯಲ್ಲಿ ಇಂಗ್ಲಿಷ್ ಓಡಿಸುವುದಕ್ಕಿಂತ ಇದು ಮೇಲು.

ತೀರಾ ವೇಗ ಅನ್ನಿಸಿದರೆ ವಾಯ್ಸ್ ಆಫ್ ಅಮೆರಿಕ ರೇಡಿಯೋದವರು 1959ರಲ್ಲಿ ಶುರು ಮಾಡಿದ ಸ್ಪೆಷಲ್ ಇಂಗ್ಲಿಷ್ ತರದ ಪಾಠಗಳಿಂದ ಶುರು ಮಾಡಿ. ಸುಮಾರು 1500 ಪದಗಳಲ್ಲಿ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಸುದ್ದಿ ಹೇಳುತ್ತಿದ್ದ ಕಾರ್ಯಕ್ರಮ ಅದು. ಆದರೆ ಅಲ್ಲೇ ನಿಲ್ಲಬೇಡಿ. ನಿಧಾನದ ಇಂಗ್ಲಿಷ್‌ಗೆ ಒಗ್ಗಿದ ಕಿವಿಗೆ ನಿಜವಾದ ಮಾತು ಮತ್ತೆ ಹೊಸದಾಗಿ ಕೇಳಿಸುತ್ತದೆ.

ಮಾತು ಕಲಿಯುತ್ತಿರುವವಳು

ಒಂದೊಂದೇ ಪದ ತಿರುಗಿಸಬಾರದು ಅನ್ನುವುದು ಈಗ ಅರ್ಥ ಆಗುತ್ತಿದೆ. ಉಚ್ಚಾರಣೆ ಬಗ್ಗೆ ಯಾರಾದರೂ ಹೇಳುತ್ತೀರಾ? ನಾನು ಕಷ್ಟಪಟ್ಟು ವಾಕ್ಯ ಕಟ್ಟಿ ಹೇಳಿದರೂ ಕೆಲವು ಸಲ ಎದುರಿನವರು "ಸಾರಿ?" ಅಂತ ಕೇಳುತ್ತಾರೆ. ಆಗ ಇನ್ನೂ ಕುಗ್ಗಿಹೋಗುತ್ತೇನೆ.

ಕಿವಿಗೊಡುವವ

ಅವರು "ಸಾರಿ?" ಅಂದಾಗ ನಿಮ್ಮ ವ್ಯಾಕರಣದ ಮೇಲೆ ಅನುಮಾನ ಪಡಬೇಡಿ. ಬಹಳ ಸಲ ಒತ್ತು ಬೀಳುವ ಜಾಗ ಬೇರೆಯಾಗಿರುತ್ತದೆ, ಅಷ್ಟೇ. "ಡೆವಲಪ್" ಅನ್ನುವ ಪದದಲ್ಲಿ ಒತ್ತು ನಡುವಿನ "ವೆ" ಮೇಲೆ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ಕೇಳುವವರು ಬೇರೆ ಪದ ಹುಡುಕತೊಡಗುತ್ತಾರೆ. "ರೆಕಾರ್ಡ್" ನಾಮಪದ ಆದರೆ ಒತ್ತು ಮೊದಲಿಗೆ, ಕ್ರಿಯಾಪದ ಆದರೆ ಕೊನೆಗೆ. ಹೊಸ ಪದ ಕಲಿಯುವಾಗ ಅರ್ಥದ ಜೊತೆ ಒತ್ತು ಎಲ್ಲಿ ಅನ್ನುವುದನ್ನೂ ನಿಘಂಟಿನಲ್ಲಿ ನೋಡಿ. ಒತ್ತಿನ ಭಾಗದ ಮುಂದೆ ಮೇಲ್ಗಡೆ ಒಂದು ಸಣ್ಣ ಗೀಟು ಇರುತ್ತದೆ.

ಇನ್ನು ಕನ್ನಡ ಬಾಯಿಗೆ ವಿಶೇಷವಾಗಿ ಬೇಕಾದವು ಎರಡು. ಮೊದಲನೆಯದು, ದ್ರಾಕ್ಷಿಯ ಬಳ್ಳಿಗೆ ಒಂದು ಇಂಗ್ಲಿಷ್ ಪದ, ದ್ರಾಕ್ಷಿಯ ಮದ್ಯಕ್ಕೆ ಇನ್ನೊಂದು. ಕನ್ನಡದಲ್ಲಿ ಬರೆದರೆ ಎರಡೂ "ವೈನ್". ನಮ್ಮ "ವ" ಎರಡಕ್ಕೂ ಒಂದೇ. ಇಂಗ್ಲಿಷ್ ಕಿವಿಗೆ ಅವು ಬೇರೆ ಬೇರೆ. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಗುಂಯ್ ಅನ್ನಬೇಕು. ಮದ್ಯಕ್ಕೆ ಹಲ್ಲು ತಾಗಬಾರದು, ತುಟಿ ಶಿಳ್ಳೆ ಹಾಕುವ ಹಾಗೆ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಮಾಡಿ, ಒಂದು ವಾರದಲ್ಲಿ ಬಾಯಿಗೆ ಗೊತ್ತಾಗುತ್ತದೆ.

ಎರಡನೆಯದು ಪ, ಟ, ಕ. ಪದದ ಶುರುವಿನಲ್ಲಿ ಇಂಗ್ಲಿಷ್‌ನವರು ಇವನ್ನು ಉಸಿರು ಸೇರಿಸಿ ಹೇಳುತ್ತಾರೆ. ಬಾಯಿಯ ಮುಂದೆ ತೆಳು ಕಾಗದದ ಚೂರು ಹಿಡಿದು ಅವರ ಹಾಗೆ "ಪಿನ್" ಅಂದರೆ ಕಾಗದ ಹಾರಬೇಕು. ನಮ್ಮ "ಪ" ದಲ್ಲಿ ಉಸಿರು ಇಲ್ಲ, ಕಾಗದ ಅಲ್ಲಾಡುವುದಿಲ್ಲ. ಅದನ್ನು ಅವರ ಕಿವಿ "ಬಿನ್" ಅಂತ ಕೇಳಿಸಿಕೊಳ್ಳಬಹುದು. ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ಖ, ಠ ಹೇಳುವಾಗ ಉಸಿರು ಬಿಡುವುದು ನಮಗೆ ಗೊತ್ತು. ಅದೇ ಉಸಿರನ್ನು ಇಲ್ಲಿ ತನ್ನಿ.

ನಾನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದದ್ದನ್ನು ಹಾಗೇ ಉಚ್ಚರಿಸಬೇಡಿ. ಶ್ವಾ, ಒತ್ತು, ಎರಡು ಬಗೆಯ "ವ" ಯಾವುದನ್ನೂ ನಮ್ಮ ಲಿಪಿ ತೋರಿಸುವುದಿಲ್ಲ. ಆಡಿಯೋ ಇರುವ ನಿಘಂಟಿನಲ್ಲಿ ಕೇಳಿ.

ಪರೀಕ್ಷೆಗೆ ಓದುತ್ತಿರುವವ

ಭೂತಕಾಲದ "ಎಡ್" ಕೂಡ ಹೀಗೇ ಕಾಡುತ್ತದೆ. "ವಾಕೆಡ್" ಅಂತ ಹೇಳುವುದಾ, "ವಾಕ್ಟ್" ಅಂತಾನಾ?

ಕಿವಿಗೊಡುವವ

"ವಾಕ್ಟ್". ಪದದ ಕೊನೆಯಲ್ಲಿ ಕ್, ಪ್, ಸ್, ಶ್ ತರದ ಧ್ವನಿ ಇದ್ದರೆ "ಟ್". ಸ್ವರ ಅಥವಾ ಲ್, ನ್, ಬ್ ತರದ್ದು ಇದ್ದರೆ "ಡ್", ಅಂದರೆ "ಪ್ಲೇಡ್", "ಕಾಲ್ಡ್". ಆಗಲೇ "ಟ್" ಅಥವಾ "ಡ್" ಇದ್ದರೆ ಮಾತ್ರ ಇನ್ನೊಂದು ಪೂರ್ತಿ ಅಕ್ಷರ ಸೇರುತ್ತದೆ, "ವಾಂಟೆಡ್", "ನೀಡೆಡ್".

ಹೊಸದಾಗಿ ಓದಲು ಕಲಿತವರು

ಇಂಗ್ಲಿಷ್‌ನಲ್ಲಿ ಬರೆಯುವುದು ಒಂದು, ಹೇಳುವುದು ಒಂದು ಯಾಕೆ? ಕನ್ನಡದಲ್ಲಿ ಅಕ್ಷರ ಕಲಿತರೆ ಏನು ಬೇಕಾದರೂ ಓದಬಹುದು. ಇಲ್ಲಿ ಚಾಕುವಿಗೆ "ನೈಫ್" ಅನ್ನುವಾಗ ಮುಂದೆ ಒಂದು "ಕೆ" ಯಾಕೆ ಕೂತಿದೆ ಅಂತ ಯಾರೂ ಹೇಳಲಿಲ್ಲ.

ಪಾಠ ಹೇಳುವವರು

ಆ "ಕೆ" ಒಂದು ಕಾಲದಲ್ಲಿ ಬಾಯಲ್ಲೂ ಇತ್ತು. "ಕ್ನೀಫ್" ಅನ್ನುವ ಹಾಗೆ ಹೇಳುತ್ತಿದ್ದರು. ಇಂಗ್ಲೆಂಡಿಗೆ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಮುದ್ರಣ ತಂದ. ಅಲ್ಲಿಂದ ಮುಂದೆ ಬರೆಯುವ ರೀತಿ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ಸರಿಸುಮಾರು 1400ರಿಂದ 1700ರ ನಡುವೆ ಉದ್ದ ಸ್ವರಗಳೆಲ್ಲ ಜಾಗ ಬದಲಿಸಿದವು. "ನೀಫ್" ಹೋಗಿ "ನೈಫ್" ಆದದ್ದು ಹಾಗೆ. ಬರಹ ಹಳೆಯ ಬಾಯಿಯಲ್ಲಿ ಉಳಿಯಿತು, ಮಾತು ಮುಂದೆ ಹೋಯಿತು. ಕೆಲವು ಅಕ್ಷರಗಳನ್ನು ವಿದ್ವಾಂಸರೇ ಸೇರಿಸಿದ್ದಾರೆ. ಸಾಲಕ್ಕೆ "ಡೆಟ್" ಅನ್ನುವ ಪದದಲ್ಲಿ ಮೊದಲು "ಬಿ" ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಇದೆ ಅಂತ ಆಮೇಲೆ ಹಾಕಿದರು. ಇಂಗ್ಲಿಷ್ ಮಾತಿನಲ್ಲಿ ಸುಮಾರು 44 ಧ್ವನಿಗಳಿವೆ, ಅಕ್ಷರ 26 ಮಾತ್ರ. ಹಾಗಾಗಿ ಸ್ಪೆಲಿಂಗ್ ತಪ್ಪಿದರೆ ನಿಮ್ಮ ಬುದ್ಧಿಗೆ ಏನೋ ಕೊರತೆ ಅಂದುಕೊಳ್ಳಬೇಡಿ.

ಪದ ಕೂಡಿಸುವವಳು

ಎಷ್ಟು ಪದ ಬೇಕು? ದಿನಾ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೇನೆ, ವಾರ ಕಳೆದರೆ ಅರ್ಧ ನೆನಪಿರುವುದಿಲ್ಲ.

ಪಾಠ ಹೇಳುವವರು

ನೀವು ಭಯಪಡುವುದಕ್ಕಿಂತ ಕಡಿಮೆ ಸಾಕು. ಪದಗಳ ಕಲಿಕೆಯನ್ನು ಅಧ್ಯಯನ ಮಾಡಿದ ಪಾಲ್ ನೇಷನ್ ಅವರ 2006ರ ಲೆಕ್ಕದ ಪ್ರಕಾರ, ಕಾದಂಬರಿಯನ್ನು ನಿಘಂಟಿನ ಸಹಾಯವಿಲ್ಲದೆ ಓದಲು 8000ದಿಂದ 9000 ಪದಕುಟುಂಬ (ಒಂದು ಮೂಲ ಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಬೇಕು. ಮಾತು ಅರ್ಥವಾಗಲು ಅದಕ್ಕಿಂತ ಕಡಿಮೆ, 6000ದಿಂದ 7000. ಇದು ಕೇಳಿ ಅರ್ಥ ಮಾಡಿಕೊಳ್ಳುವ ಲೆಕ್ಕ. ನೀವೇ ಮಾತಾಡಲು ಇಷ್ಟು ಬೇಡ. ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳು ಎರಡು ಮೂರು ಸಾವಿರ ಪದಗಳಲ್ಲೇ ಉಳಿದೆಲ್ಲ ಪದಗಳ ಅರ್ಥ ವಿವರಿಸುತ್ತವೆ. ಅಂದರೆ ಆ ಮೂರು ಸಾವಿರದಲ್ಲಿ ಏನನ್ನು ಬೇಕಾದರೂ ಸುತ್ತಿ ಬಳಸಿ ಹೇಳಬಹುದು.

ಪಟ್ಟಿ ಮರೆತುಹೋಗುವುದು ಸಹಜ. 1885ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಬೇಗ ಮರೆಯುತ್ತದೆ ಅಂತ ತೋರಿಸಿದ. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ಬಿಟ್ಟು ಬಿಟ್ಟು ನಾಲ್ಕು ಸಲ ನೆನಪಿಸಿಕೊಳ್ಳುವುದು ಒಳ್ಳೆಯದು. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ.

ಮತ್ತೆ ನನ್ನ ಹಳೇ ಮಾತಿಗೇ ಬರುತ್ತೇನೆ: ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. "ಡಿಸ್ಕಸ್ ಅಂದರೆ ಚರ್ಚಿಸು" ಅಂತ ಬರೆದುಕೊಂಡವರು ಕನ್ನಡದ "ಬಗ್ಗೆ"ಯನ್ನೂ ಸೇರಿಸಿ "ಡಿಸ್ಕಸ್ ಅಬೌಟ್ ಇಟ್" ಅನ್ನುತ್ತಾರೆ. "ವಿ ಡಿಸ್ಕಸ್ಡ್ ದಿ ಪ್ಲಾನ್" ಅಂತ ಇಡೀ ವಾಕ್ಯ ಬರೆದುಕೊಂಡವರಿಗೆ ಅಲ್ಲಿ "ಅಬೌಟ್" ಇಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. "ಪುಟ್ ಆಫ್", "ಪುಟ್ ಅಪ್ ವಿತ್" ಅಂಥವಕ್ಕಂತೂ ಬೇರೆ ದಾರಿಯೇ ಇಲ್ಲ. ಮುಂದಕ್ಕೆ ಹಾಕುವುದು ಒಂದು, ಸಹಿಸಿಕೊಳ್ಳುವುದು ಇನ್ನೊಂದು. ಪದ ಬಿಡಿಸಿ ನೋಡಿದರೆ ಎರಡರಲ್ಲೂ ಆ ಅರ್ಥ ಸಿಗುವುದಿಲ್ಲ.

ತಡವಾಗಿ ಶುರು ಮಾಡಿದವರು

ನನಗೆ ಐವತ್ತು ದಾಟಿದೆ. ಮಕ್ಕಳು ದೂರದಲ್ಲಿದ್ದಾರೆ, ಮೊಮ್ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ. ಅವರ ಜೊತೆ ಫೋನಿನಲ್ಲಿ ಎರಡು ಮಾತಾಡಬೇಕು ಅಂತ ಆಸೆ. ಸೇರಿದ ಒಂದು ಕ್ಲಾಸಿನಲ್ಲಿ "ಈ ವಯಸ್ಸಿಗೆ ಯಾಕೆ" ಅಂದರು. ನಿಜವಾಗಲೂ ವಯಸ್ಸು ಮೀರಿದೆಯಾ?

ಪಾಠ ಹೇಳುವವರು

ಇಲ್ಲ. ಹಾಗೆ ಹೇಳಿದವರು ತಪ್ಪು ಹೇಳಿದ್ದಾರೆ. ನನಗೆ ಓದಿ ಬೇಜಾರಾಯಿತು. ಎಳೆಯ ವಯಸ್ಸಿನಲ್ಲಿ ಶುರು ಮಾಡಿದವರಿಗೆ ಉಚ್ಚಾರಣೆ ಅಲ್ಲಿಯವರ ಹಾಗೇ ಕೂರುವ ಸಾಧ್ಯತೆ ಜಾಸ್ತಿ, ಅದು ನಿಜ. ಆದರೆ ಪದ ಮತ್ತು ವ್ಯಾಕರಣ ಶುರುವಿನಲ್ಲಿ ದೊಡ್ಡವರಿಗೇ ಮಕ್ಕಳಿಗಿಂತ ಬೇಗ ಹತ್ತುತ್ತವೆ. ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಕ್ಕಳನ್ನೂ ದೊಡ್ಡವರನ್ನೂ ಹೋಲಿಸಿ 1978ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಮೊದಲ ತಿಂಗಳುಗಳಲ್ಲಿ ಹದಿಹರೆಯದವರೂ ದೊಡ್ಡವರೂ ಪುಟ್ಟ ಮಕ್ಕಳಿಗಿಂತ ಮುಂದಿದ್ದರು. ಪೋಲಿಷ್ ಮನೆಯಲ್ಲಿ 1857ರಲ್ಲಿ ಹುಟ್ಟಿದ ಜೋಸೆಫ್ ಕಾನ್ರಾಡ್ ಇಂಗ್ಲಿಷ್ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಇಂಗ್ಲಿಷ್‌ನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬನಾದ. ಮಾತಿನಲ್ಲಿ ಪೋಲಿಷ್ ಛಾಯೆ ಕೊನೆಯವರೆಗೂ ಹೋಗಲಿಲ್ಲ, ಯಾವ ಕೆಲಸವೂ ಅದರಿಂದ ನಿಲ್ಲಲಿಲ್ಲ.

ನಿಮ್ಮದು ತುಂಬಾ ಒಳ್ಳೆಯ ಕಾರಣ. ಯಾರ ಜೊತೆ, ಏನು ಮಾತಾಡಬೇಕು ಅನ್ನುವುದು ನಿಮಗೆ ಗೊತ್ತಿದೆ, ಅದೇ ದೊಡ್ಡ ಅನುಕೂಲ. ವ್ಯಾಕರಣದಿಂದ ಶುರು ಮಾಡಬೇಡಿ. ಮೊಮ್ಮಕ್ಕಳಿಗೆ ಕೇಳುವ ಪ್ರಶ್ನೆಗಳಿಂದ ಶುರು ಮಾಡಿ. "ವಾಟ್ ಡಿಡ್ ಯು ಡು ಟುಡೇ?" "ಹೂ ಡಿಡ್ ಯು ಪ್ಲೇ ವಿತ್?" "ಕ್ಯಾನ್ ಯು ಶೋ ಮಿ?" "ಸೇ ಇಟ್ ಸ್ಲೋಲಿ ಫಾರ್ ಮಿ." ಮಕ್ಕಳ ಚಿತ್ರಪುಸ್ತಕ ತೆಗೆದುಕೊಂಡು ಫೋನಿನಲ್ಲಿ ಅವರಿಂದಲೇ ಓದಿಸಿ, ಆಮೇಲೆ ಅದೇ ಪುಟ ನೀವು ಓದಿ. ಮಕ್ಕಳಿಗೆ ತಿದ್ದುವುದು ಅಂದರೆ ಖುಷಿ.

ಮಾತು ಕಲಿಯುತ್ತಿರುವವಳು

ಇದನ್ನು ಓದಿ ತುಂಬಾ ಧೈರ್ಯ ಬಂತು. ನನಗೆ ಉಳಿದಿರುವುದು ನಾಚಿಕೆ. ಮೀಟಿಂಗಿನಲ್ಲಿ ನಾನು ಮಾತಾಡಿದರೆ ಎಲ್ಲರೂ ನನ್ನ ಇಂಗ್ಲಿಷ್ಅನ್ನೇ ಕೇಳುತ್ತಿದ್ದಾರೆ ಅನ್ನಿಸುತ್ತದೆ, ವಿಷಯ ಕೇಳುತ್ತಿಲ್ಲ ಅನ್ನಿಸುತ್ತದೆ.

ತಡವಾಗಿ ಶುರು ಮಾಡಿದವರು

ಅಮ್ಮಾ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬೇರೆಯವರು ತಡವರಿಸಿಕೊಂಡು ಕನ್ನಡ ಮಾತಾಡಿದಾಗ ನಾವು ಅವರ ಮೇಲೆ ಪ್ರೀತಿಯನ್ನೇ ಇಟ್ಟುಕೊಳ್ಳುತ್ತೇವಲ್ಲ.

ಪಾಠ ಹೇಳುವವರು

ಜಗತ್ತಿನಲ್ಲಿ ಇಂಗ್ಲಿಷ್ ಮನೆಮಾತಾಗಿ ಇರುವವರಿಗಿಂತ ಆಮೇಲೆ ಕಲಿತು ಮಾತಾಡುವವರೇ ಜಾಸ್ತಿ. ಹಾಗಾಗಿ ನಿಮ್ಮ ಮೀಟಿಂಗಿನಲ್ಲೂ ಒಳಗೊಳಗೇ ವಾಕ್ಯ ಕಟ್ಟಿಕೊಳ್ಳುತ್ತಿರುವವರು ಬಹಳ ಜನ ಇರುತ್ತಾರೆ.

ನಾಚಿಕೆ ಹೋಗಲಿ ಅಂತ ಕಾಯಬೇಡಿ, ಅದು ಮಾತಾಡಿದ ಮೇಲೆ ಹೋಗುತ್ತದೆ. ಮೀಟಿಂಗಿಗೆ ಮುಂಚೆ ಒಂದೇ ಒಂದು ವಾಕ್ಯ ರೆಡಿ ಮಾಡಿಕೊಳ್ಳಿ, ಅದನ್ನು ಮೊದಲ ಹತ್ತು ನಿಮಿಷದೊಳಗೆ ಹೇಳಿಬಿಡಿ. ಪ್ರಶ್ನೆಯಾದರೂ ಸಾಕು. ತಡವಾದಷ್ಟೂ ಬಾಯಿ ಬಿಗಿಯಾಗುತ್ತದೆ. ಸಮಯ ಬೇಕಾದಾಗ ಸುಮ್ಮನಾಗುವ ಬದಲು "ಲೆಟ್ ಮಿ ಥಿಂಕ್ ಫಾರ್ ಎ ಸೆಕೆಂಡ್" ಅನ್ನಿ. ಅರ್ಥ ಆಗದಿದ್ದರೆ ತಲೆಯಾಡಿಸಬೇಡಿ, "ಸಾರಿ, ಐ ಡಿಡಂಟ್ ಕ್ಯಾಚ್ ದಿ ಲಾಸ್ಟ್ ಪಾರ್ಟ್" ಅನ್ನಿ. ಪದ ಸಿಗದಿದ್ದರೆ "ದಿ ಥಿಂಗ್ ಯು ಯೂಸ್ ಟು..." ಅಂತ ಸುತ್ತಿ ಬನ್ನಿ. ಈ ಮೂರು ವಾಕ್ಯ ಮೊದಲು ಕಲಿಯಿರಿ. ಮಾತು ನಿಂತುಹೋಗುವುದಿಲ್ಲ ಅನ್ನುವ ಭರವಸೆ ಬಂದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಮನೆಯಲ್ಲಿ ಒಬ್ಬರೇ ಇದ್ದಾಗ ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ. ಇವತ್ತು ಏನು ಮಾಡಿದೆ ಅಂತ ಹೇಳಿ. ಕೇಳಿಸಿಕೊಂಡು, ನಿಂತ ಜಾಗ ಗುರುತು ಮಾಡಿ, ಆ ಜಾಗಕ್ಕೆ ಬೇಕಿದ್ದ ತುಣುಕನ್ನು ಹುಡುಕಿ. ಮತ್ತೆ ಅದನ್ನೇ ಹೇಳಿ. ಎರಡನೇ ಸಲಕ್ಕೇ ವ್ಯತ್ಯಾಸ ನಿಮಗೆ ಕೇಳಿಸುತ್ತದೆ.

ಪದ ಕೂಡಿಸುವವಳು

ಒಂದು ಸಣ್ಣ ಪ್ರಶ್ನೆ ಉಳಿದಿದೆ. "ಆರ್ ಯು ನಾಟ್ ಕಮಿಂಗ್?" ಅಂತ ಕೇಳಿದರೆ, ಬರುವುದಿಲ್ಲ ಅನ್ನುವುದಕ್ಕೆ "ಯೆಸ್" ಅನ್ನಬೇಕಾ "ನೋ" ಅನ್ನಬೇಕಾ? ಪ್ರತಿ ಸಲ ಗೊಂದಲ ಆಗುತ್ತದೆ.

ವ್ಯಾಕರಣಪ್ರಿಯ

ಕನ್ನಡದಲ್ಲಿ "ಬರಲ್ವಾ?" ಅಂದರೆ "ಹೌದು, ಬರಲ್ಲ" ಅನ್ನುತ್ತೇವೆ. ನೀವು ಹೇಳಿದ್ದು ಸರಿ ಅನ್ನುವ ಅರ್ಥದಲ್ಲಿ. ಇಂಗ್ಲಿಷ್‌ನಲ್ಲಿ ಉತ್ತರ ಪ್ರಶ್ನೆಯನ್ನು ನೋಡುವುದಿಲ್ಲ, ನೀವು ಬರುತ್ತೀರೋ ಇಲ್ಲವೋ ಅನ್ನುವುದನ್ನು ಮಾತ್ರ ನೋಡುತ್ತದೆ. ಬರುವುದಿಲ್ಲವಾದರೆ "ನೋ, ಐಮ್ ನಾಟ್." ಬರುತ್ತೀರಾದರೆ "ಯೆಸ್, ಐ ಆ್ಯಮ್." ಪ್ರಶ್ನೆ ಹೇಗೆ ಕೇಳಿದರೂ ಅಷ್ಟೇ. ಬರೀ "ಯೆಸ್" ಅಂತ ಬಿಟ್ಟರೆ ಎದುರಿನವರು ನಿಮಗಾಗಿ ಕಾಯುತ್ತಾರೆ, ಹಾಗಾಗಿ "ಯೆಸ್", "ನೋ" ಆದಮೇಲೆ ಬರುವ ಎರಡು ಪದವನ್ನೂ ಸೇರಿಸಿಯೇ ಹೇಳಿ.